ಮಲೆನಾಡಿನ ಮೇಲಣ ವಿಶ್ವಕಿರಣ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಮಳೆಯನ್ನರಿಯದವರು ಯಾರು? ಆದರೆ ಮಳೆಗಾಲ ಬೇಸಗೆಗಳೆನ್ನದೆ ಹಗಲಿರುಳೂ ಅಲ್ಲಿ ಸುರಿಯುವ ಮತ್ತೊಂದು ಮಳೆಯುಂಟು. ಅದು ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳ ಮಳೆ. ನಾವು ಚಾಚಿದ ಅಂಗೈಯನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಣವು ಹಾದುಹೋಗುತ್ತದೆ. ಹಂಚಿನ ಮಾಡಾಗಲಿ ಅಡಕೆಯ ಸೋಗೆಯಾಗಲಿ ಅದಕ್ಕೆ ಅಡ್ಡಿಯಲ್ಲ. ಈ ಕಣಗಳು ನೆಲವನ್ನು ಮುಟ್ಟುವುದು ಹೇಗೆಂಬ ಪ್ರಶ್ನೆಯಲ್ಲಿ ಇಪ್ಪತ್ತನೆಯ ಶತಮಾನದ ಎರಡು ಮಹಾಸಿದ್ಧಾಂತಗಳು ಸಂಧಿಸಿದ ಚರಿತ್ರೆ ಅಡಗಿದೆ.

ಶಕ್ತಿಯು ಕಂತುಕಂತಾಗಿ ವಿನಿಮಯವಾಗುವುದೆಂದೂ, ಕಂತಿನ ಪ್ರಮಾಣವು ಕಂಪನದ ಸಂಖ್ಯೆಗೆ ಅನುಗುಣವೆಂದೂ ೧೯೦೦ರಲ್ಲಿ ಪ್ಲಾಂಕ್ ಮಹಾಶಯರು ತಿಳಿಸಿದರು. ದ್ರವ್ಯರಾಶಿಯೂ ಶಕ್ತಿಯ ರೂಪವೆಂದೂ, ಚಲಿಸುವ ಗಡಿಯಾರವು ನಮಗೆ ನಿಧಾನವಾಗಿ ತೋರುವುದೆಂದೂ ೧೯೦೫ರಲ್ಲಿ ಐನ್‌ಸ್ಟೈನರು ಸಾಧಿಸಿದರು. ೧೯೨೪ರಲ್ಲಿ ಫ್ರಾನ್ಸಿನ ಡಿ ಬ್ರಾಗ್ಲಿಯವರು ಇವೆರಡನ್ನೂ ಹೆಣೆದರು. ದ್ರವ್ಯರಾಶಿಯು ಶಕ್ತಿಯಾದರೆ, ಶಕ್ತಿಗೆ ಕಂಪನವಿದ್ದರೆ, ಪ್ರತಿಯೊಂದು ಕಣಕ್ಕೂ ತನ್ನದೇ ಆದ ಕಂಪನವಿರಲೇಬೇಕಷ್ಟೆ. ೧೯೨೮ರಲ್ಲಿ ಡಿರಾಕರು ಎರಡು ಸಿದ್ಧಾಂತಗಳಿಗೂ ಒಪ್ಪುವ ಎಲೆಕ್ಟ್ರಾನ್ ಸಮೀಕರಣವನ್ನು ರಚಿಸಿದರು. ಎಲೆಕ್ಟ್ರಾನಿಗೆ ಪ್ರತಿಕಣವುಂಟೆಂಬುದು ಅದರಿಂದ ಹೊರಪಟ್ಟಿತು. ೧೯೩೨ರಲ್ಲಿ ಆಂಡರ್ಸನ್ನರು ವಿಶ್ವಕಿರಣಗಳಲ್ಲಿಯೇ ಅದನ್ನು ಕಂಡರು.

ಇನ್ನು ಗಡಿಯಾರದ ಮಾತು. ತಾನಾಗಿಯೇ ಒಡೆಯುವ ಕಣವೂ ಒಂದು ಗಡಿಯಾರವೆಂದೂ, ವೇಗವಾಗಿ ಓಡುವಾಗ ಅದರ ಆಯುಸ್ಸು ಹೆಚ್ಚಬೇಕೆಂದೂ ೧೯೩೮ರಲ್ಲಿ ಹೋಮಿ ಭಾಭಾ ಅವರು ಬರೆದರು. ಮರುವರ್ಷ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಅವರು ಯುದ್ಧದ ನಿಮಿತ್ತ ಕೇಂಬ್ರಿಡ್ಜಿಗೆ ಮರಳಲಾಗದೆ, ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯನ್ನು ಸೇರಿ, ೧೯೪೫ರವರೆಗೆ ಅಲ್ಲಿದ್ದು ವಿಶ್ವಕಿರಣಗಳ ಸಂಶೋಧನೆಯನ್ನು ನಡೆಸಿದರು.

ಲೆಕ್ಕವನ್ನು ನೋಡೋಣ. ಮ್ಯೂಆನಿನ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ೨.೨ ಪಾಲು. ಇಷ್ಟರಲ್ಲಿ ಬೆಳಕೇ ಓಡಿದರೂ ಸುಮಾರು ೬೬೦ ಮೀಟರು. ಸಮುದ್ರಮಟ್ಟದಿಂದ ಶೃಂಗೇರಿಯ ಎತ್ತರವೂ ಸರಿಸುಮಾರು ಅಷ್ಟೆ. ಮ್ಯೂಆನುಗಳಾದರೋ ಸುಮಾರು ೧೫ ಕಿಲೋಮೀಟರು ಮೇಲೆ ಹುಟ್ಟುತ್ತವೆ. ಅವುಗಳ ಕಾಲವು ನಿಧಾನಿಸದಿದ್ದರೆ ಬಹುಪಾಲು ದಾರಿಯಲ್ಲಿಯೇ ಅಳಿಯಬೇಕಾಗಿತ್ತು. ೧೯೪೧ರಲ್ಲಿ ರೋಸಿ ಮತ್ತು ಹಾಲ್ ಎಂಬವರು ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ, ಎತ್ತರದಲ್ಲೊಮ್ಮೆ, ತಗ್ಗಿನಲ್ಲೊಮ್ಮೆ ಕಣಗಳನ್ನೆಣಿಸಿ, ವೇಗ ಹೆಚ್ಚಿದಷ್ಟೂ ಆಯುಸ್ಸು ಹೆಚ್ಚುವುದೆಂದು ತೋರಿಸಿಕೊಟ್ಟರು.

ಯಾವ ಮ್ಯೂಆನ್ ಯಾವಾಗ ಅಳಿಯುವುದೆಂದು ಯಾರೂ ಹೇಳಲಾರರು. ಅದರ ಸಂಭವವನ್ನಷ್ಟೆ ಹೇಳಬಹುದು. ಇದು ಕ್ವಾಂಟಂ ತತ್ತ್ವ. ಆ ಸಂಭವವನ್ನಳೆಯುವ ಕಾಲವು ವೇಗವನ್ನನುಸರಿಸಿ ಹಿಗ್ಗುವುದು ಸಾಪೇಕ್ಷತೆಯ ತತ್ತ್ವ. ಇವುಗಳಲ್ಲಿ ಒಂದನ್ನು ಬಿಟ್ಟರೂ ನಮ್ಮ ಅಂಗೈಗೆ ಬೀಳುವ ಕಣಗಳ ಲೆಕ್ಕ ಸರಿಹೊಂದದು.