ಒಂದೆಡೆ ಸೇರಿದ್ದೇಕೆ? ಅಕ್ಕಿಪೇಟೆಯಿಂದ ಕೃತ್ತಿಕೆಯವರೆಗೆ ಗೊಂಚಲಿನ ಕಥೆ



ಬೆಂಗಳೂರಿನ ಹಳೆಯ ಪೇಟೆಯ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರ ಪೇಟೆ, ಕುಂಬಾರ ಪೇಟೆ, ಉಪ್ಪಾರ ಪೇಟೆ, ತಿಗಳರ ಪೇಟೆ, ನಗರ್ತರ ಪೇಟೆ. ಒಂದೊಂದು ಹೆಸರೂ ಒಂದೊಂದು ಸರಕಿನದು, ಇಲ್ಲವೇ ಒಂದೊಂದು ಸಮುದಾಯದ್ದು. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ, ಉತ್ತರ ದಕ್ಷಿಣವಾಗಿ ದೊಡ್ಡಪೇಟೆಯನ್ನೂ ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆಯನ್ನೂ ಹಾಕಿಸಿದರೆಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆದರೆ ಶಾಲೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಅಕ್ಕಿ ಮಾರುವವನು ಇನ್ನೊಬ್ಬ ಅಕ್ಕಿ ಮಾರುವವನ ಪಕ್ಕದಲ್ಲೇ ಏಕೆ ಅಂಗಡಿ ಇಡಬೇಕು? ಪೈಪೋಟಿಯಿಲ್ಲದ ದೂರದ ಬೀದಿಗೆ ಹೋದರೆ ಲಾಭ ಹೆಚ್ಚಲ್ಲವೇ?

ಹೀಗೆ ಒಂದೇ ಬಗೆಯ ವಸ್ತುಗಳು ಒಂದೆಡೆ ಸೇರಿರುವುದನ್ನು ಇಂಗ್ಲಿಷಿನವರು ಕ್ಲಸ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಗೊಂಚಲು ಎನ್ನಬಹುದು. ಉರ್ದುವಿನಲ್ಲಿ ನಕ್ಷತ್ರಗಳ ಗೊಂಚಲಿಗೆ 'ಝುರ್ಮುಟ್' ಎಂಬ ಸೊಗಸಾದ ಮಾತಿದೆ. ನಮ್ಮ ರಾಜ್ಯದ ಶಿಕ್ಷಕರಿಗಂತೂ ಕ್ಲಸ್ಟರ್ ಎಂದೊಡನೆ ಸಿ.ಆರ್.ಪಿ. ಅವರ ಭೇಟಿಯೇ ನೆನಪಾಗುವುದು! ಅರ್ಥಶಾಸ್ತ್ರ, ವೈದ್ಯಕೀಯ, ಖಗೋಳವಿಜ್ಞಾನ, ಸಂಖ್ಯಾಶಾಸ್ತ್ರ, ಕೃಷಿ ವಿಜ್ಞಾನ, ಸರ್ಕಾರದ ಯೋಜನೆಗಳು, ಎಲ್ಲೆಡೆಯೂ ಈ ಶಬ್ದವಿದೆ. ಎಲ್ಲೆಡೆಯೂ ಅದರ ಹಿಂದಿರುವ ಪ್ರಶ್ನೆ ಒಂದೇ: ಇವು ಒಂದೆಡೆ ಸೇರಿದ್ದೇಕೆ? ಉತ್ತರ ಮಾತ್ರ ಒಂದೇ ಅಲ್ಲ. ಒಂದು ಶಾಸ್ತ್ರದ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದಾಗ ಜನರಿಗೆ ಅನ್ಯಾಯವಾಗಿರುವುದೂ ಉಂಟು. ಆದ್ದರಿಂದಲೇ ಈ ಲೇಖನ.

ಮೊದಲು ಪೇಟೆಯ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಹುಡುಕಿದ ಹಿರಿಯರಲ್ಲಿ ಟ್ಯೂನಿಸ್‌ನಲ್ಲಿ 1332ರಲ್ಲಿ ಜನಿಸಿದ ಇಬ್ನ್ ಖಲ್ದೂನ್ ಒಬ್ಬರು. 1377ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ ಅವರು ಕಸುಬುಗಳಿಗಾಗಿಯೇ ಹಲವು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾರೆ. ಕಸುಬೆಂದರೆ ಕೈಗೆ ಹತ್ತಿದ ಅಭ್ಯಾಸ. ಅದು ಬೇರೂರಬೇಕಾದರೆ ನಗರ ದೊಡ್ಡದಿರಬೇಕು, ನಗರಜೀವನ ತಲೆಮಾರುಗಳ ಕಾಲ ನಡೆದು ಬಂದಿರಬೇಕು ಎಂಬುದು ಅವರ ವಾದ. ಒಮ್ಮೆ ಬೇರೂರಿದರೆ ರಾಜ್ಯ ಕ್ಷೀಣಿಸಿದ ಮೇಲೂ ಕಸುಬು ಉಳಿಯುತ್ತದೆ ಎಂದು ಹೇಳಿ ಅಂದಲೂಸಿಯಾದ ಅಂದರೆ ಮುಸ್ಲಿಂ ಸ್ಪೇನಿನ ಉದಾಹರಣೆ ಕೊಡುತ್ತಾರೆ.

ಇದಾಗಿ ಐದು ಶತಮಾನಗಳ ನಂತರ, 1890ರಲ್ಲಿ, ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ ತಮ್ಮ ಅರ್ಥಶಾಸ್ತ್ರ ಗ್ರಂಥದಲ್ಲಿ ಅದೇ ವಿಚಾರವನ್ನು ಇನ್ನಷ್ಟು ಬಿಡಿಸಿಟ್ಟರು. ಒಂದೇ ಕಸುಬಿನವರು ಒಂದೆಡೆ ಇದ್ದರೆ ನುರಿತ ಕೆಲಸಗಾರರು ಸುಲಭವಾಗಿ ಸಿಗುತ್ತಾರೆ. ಆ ಕಸುಬಿಗೆ ಬೇಕಾದ ಉಪಕಸುಬುಗಳು ಪಕ್ಕದಲ್ಲೇ ಹುಟ್ಟುತ್ತವೆ. ಕಸುಬಿನ ಗುಟ್ಟು ಗುಟ್ಟಾಗಿ ಉಳಿಯದೆ ಮಕ್ಕಳಿಗೂ ತಾನಾಗಿ ತಿಳಿಯುತ್ತದೆ. ಈ ಮೂರನ್ನು ಅಕ್ಕಿಪೇಟೆಗೆ ಅನ್ವಯಿಸಿ ನೋಡಿ. ಅಕ್ಕಿ ಇರುವಲ್ಲಿ ಹಮಾಲಿಗಳು, ಗಾಡಿಯವರು, ಗೋಣಿಚೀಲದವರು, ತಕ್ಕಡಿ ತೂಕದವರು, ದಲ್ಲಾಳಿಗಳು, ಸಾಲ ಕೊಡುವವರು ಇರಲೇಬೇಕು. ಇವರೆಲ್ಲರೂ ಒಂದೇ ಕೂಗಳತೆಯಲ್ಲಿದ್ದರೆ ಹತ್ತು ಅಂಗಡಿಯವರಿಗೂ ಖರ್ಚು ಕಡಿಮೆ. ಇನ್ನೊಂದು ಲಾಭ ಗಿರಾಕಿಯದು. ಹಳ್ಳಿಯಿಂದ ಬಂದವನು ನಾಲ್ಕು ಅಂಗಡಿ ನೋಡಿ, ಕಾಳನ್ನು ಬಾಯಿಗೆ ಹಾಕಿಕೊಂಡು, ದರ ಕೇಳಿ ಕೊಳ್ಳಬಹುದು. ಗಿರಾಕಿಗೆ ನಂಬಿಕೆ ಇರುವಲ್ಲಿಗೆ ಗಿರಾಕಿ ಬರುತ್ತಾನೆ; ಗಿರಾಕಿ ಬರುವಲ್ಲಿಗೆ ಅಂಗಡಿಯೂ ಬರುತ್ತದೆ.

ನಮ್ಮ ಬೀದರ್‌ನ ಬಿದ್ರಿ ಕಲೆಯೂ ಇಂತಹುದೇ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಈ ಕಸುಬಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಲ್ಲಿ ಗೊಂಚಲಿಗೆ ಮಣ್ಣೂ ಕಾರಣ, ಉಸ್ತಾದ್ ಶಾಗಿರ್ದ್ ಪರಂಪರೆಯೂ ಕಾರಣ. ಅಮೆರಿಕದ ಮೈಕೆಲ್ ಪೋರ್ಟರ್ 1990ರಲ್ಲಿ ಇಂತಹ ಕೈಗಾರಿಕಾ ಗೊಂಚಲುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಮೇಲೆ ಕ್ಲಸ್ಟರ್ ಎಂಬುದು ಸರ್ಕಾರಗಳ ಬಾಯಲ್ಲೂ ಬಂತು. ನಮ್ಮ ದೇಶದಲ್ಲಿ ಸಣ್ಣ ಉದ್ಯಮಗಳ ಕುರಿತ ಆಬಿದ್ ಹುಸೇನ್ ಸಮಿತಿಯು 1997ರಲ್ಲಿ ವರದಿ ನೀಡಿ, ಬಿಡಿ ಘಟಕಗಳ ಬದಲು ಗೊಂಚಲುಗಳಿಗೆ ನೆರವು ನೀಡುವುದು ಲೇಸೆಂದಿತು. ಪೇಟೆಯ ವರ್ತಕರಿಗೆ ಇದರಲ್ಲಿ ಹೊಸತೇನೂ ಕಾಣದಿದ್ದರೆ ಆಶ್ಚರ್ಯವಿಲ್ಲ.

ಆದರೆ ಒಂದೆಡೆ ಸೇರುವುದಕ್ಕೆ ಇನ್ನೊಂದು ಮುಖವೂ ಇದೆ. 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದ ಈ ರೋಗ ಇಕ್ಕಟ್ಟಾದ ಪೇಟೆಯನ್ನು ಬಲವಾಗಿ ಹಿಡಿಯಿತು. ಅದೇ ವರ್ಷ ಕರಾಚಿಯಲ್ಲಿ ಪೌಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಕಂಡುಹಿಡಿದಿದ್ದರು. ಅವರ ಮಾತನ್ನು ಲೋಕ ಒಪ್ಪಲು ಇನ್ನೂ ಹಲವು ವರ್ಷಗಳು ಬೇಕಾದವು. ಧಾನ್ಯ ರಾಶಿಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ವ್ಯಾಪಾರಕ್ಕೆ ಬಲ ತಂದ ಒತ್ತೊತ್ತಾದ ಉಗ್ರಾಣಗಳೇ ರೋಗಕ್ಕೂ ಆಶ್ರಯವಾದವು. ಪ್ಲೇಗಿನ ನಂತರ ಅಗಲವಾದ ರಸ್ತೆ, ಗಾಳಿ ಬೆಳಕು ಬರುವ ಮನೆಗಳ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ತಲೆಯೆತ್ತಿದವು. ಚಾಮರಾಜಪೇಟೆ ಅದಕ್ಕೂ ಮುಂಚೆ, 1892ರಲ್ಲೇ ರೂಪುಗೊಂಡಿತ್ತು. ನಿವೇಶನ ಕೊಂಡು ಮನೆ ಕಟ್ಟಿಸುವ ಶಕ್ತಿ ಇದ್ದವರು ಹೋದರು. ಇಲ್ಲದವರು ಪೇಟೆಯಲ್ಲೇ ಉಳಿದರು. ಈ ವ್ಯತ್ಯಾಸವನ್ನು ಬೆಂಗಳೂರಿನ ಇತಿಹಾಸ ಬರೆಯುವವರು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ರೋಗದ ಗೊಂಚಲನ್ನು ಸರಿಯಾಗಿ ಓದುವುದನ್ನು ಕಲಿಸಿದವರು ಲಂಡನ್ನಿನ ಡಾ. ಜಾನ್ ಸ್ನೋ. 1854ರಲ್ಲಿ ಅಲ್ಲಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಬಂದು ಸುಮಾರು 10 ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯೇ ಕಾರಣವೆಂದು ಎಲ್ಲರೂ ನಂಬಿದ್ದ ಕಾಲವದು. ಸ್ನೋ ಅವರು ಸಾವಿನ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಅವು ಒಂದು ಕೈಪಂಪಿನ ಸುತ್ತ ಗುಂಪಾಗಿದ್ದವು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಜಾಣ್ಮೆ ಇರುವುದು ಗುಂಪಿಗೆ ಹೊಂದದವರನ್ನು ವಿಚಾರಿಸಿದ್ದರಲ್ಲಿ. ಪಂಪಿನ ಹತ್ತಿರವೇ ಇದ್ದ ನಿರ್ಗತಿಕರ ಆಶ್ರಯಧಾಮದಲ್ಲಿ 535 ಜನರಿದ್ದರೂ ಸತ್ತವರು 5 ಮಾತ್ರ. ಏಕೆಂದರೆ ಅಲ್ಲಿ ಸ್ವಂತ ಬಾವಿಯಿತ್ತು. ಆದರೆ ಮೈಲುಗಳಾಚೆ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಸತ್ತರು. ಹಳೆಯ ಬೀದಿಯ ನೀರಿನ ರುಚಿ ಬಿಡಲಾಗದೆ ಆಕೆ ಅದೇ ಪಂಪಿನ ನೀರನ್ನು ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು! ಹೀಗೆ ಕಾರಣ ಬೀದಿಯಲ್ಲಿರಲಿಲ್ಲ, ಬೀದಿಯ ಜನರಲ್ಲೂ ಇರಲಿಲ್ಲ, ನೀರಿನಲ್ಲಿತ್ತು.

2020ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳನ್ನು ಈ ಬೆಳಕಿನಲ್ಲಿ ನೆನೆಯಿರಿ. ನಂಜನಗೂಡಿನ ಒಂದು ಔಷಧ ಕಾರ್ಖಾನೆಯಲ್ಲಿ ಕೊರೋನಾ ಗೊಂಚಲು ಕಂಡಾಗ ಅದು ಕಾರ್ಖಾನೆಯ ಗೊಂಚಲಾಗಿಯೇ ಉಳಿಯಿತು. ದೆಹಲಿಯ ನಿಜಾಮುದ್ದೀನ್‌ನಲ್ಲಿ ಕಂಡದ್ದು ಮಾತ್ರ ಹಲವರ ಬಾಯಲ್ಲಿ ಒಂದು ಸಮುದಾಯದ ಹೆಸರಾಗಿ ಹೋಯಿತು. ಒಳಾಂಗಣದಲ್ಲಿ ಹತ್ತಿರ ಹತ್ತಿರ ಸೇರಿದ್ದು ಎರಡೂ ಕಡೆಯ ಕಾರಣ. ರೋಗಗಳಿಗೆ ಊರಿನ ಇಲ್ಲವೇ ಜನರ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲೇ ಸೂಚಿಸಿತ್ತು. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶು ಮಾಡಿರುವಂತಿದೆ ಎಂಬರ್ಥದ ಮಾತನ್ನಾಡಿತು.

ಕೆಲವು ಗೊಂಚಲುಗಳಿಗೆ ಕಾರಣವೇ ಇರುವುದಿಲ್ಲ ಎಂಬುದು ಇನ್ನೂ ವಿಚಿತ್ರ. ವಿದ್ಯಾರ್ಥಿ ಮಿತ್ರರೇ, ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆಗಳ ಚೌಕ ಬರೆದು, ಕಣ್ಣು ಮುಚ್ಚಿಕೊಂಡು 25 ಅಕ್ಕಿಕಾಳು ಎರಚಿ. ಮನೆಗೊಂದರಂತೆ ಬೀಳುವುದೆಂದು ಭಾವಿಸಿದರೆ ತಪ್ಪು. ಬರಿಯ ಆಕಸ್ಮಿಕವಾದರೆ ಸುಮಾರು 9 ಮನೆಗಳು ಖಾಲಿ ಉಳಿಯಬೇಕೆಂದು ಗಣಿತ ಹೇಳುತ್ತದೆ. ಕೆಲವು ಮನೆಗಳಲ್ಲಿ ಎರಡು, ಮೂರು ಕಾಳು ಗುಂಪಾಗುತ್ತವೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಜರ್ಮನ್ನರ ಹಾರುಬಾಂಬುಗಳು ಬಿದ್ದಾಗ, ಕೆಲವು ಬೀದಿಗಳನ್ನೇ ಗುರಿಯಿಟ್ಟಿದ್ದಾರೆಂದು ಜನ ಹೆದರಿದ್ದರು. 1946ರಲ್ಲಿ ಕ್ಲಾರ್ಕ್ ಎಂಬುವರು ದಕ್ಷಿಣ ಲಂಡನ್ನನ್ನು 576 ಚೌಕಗಳಾಗಿ ವಿಂಗಡಿಸಿ 537 ಬಾಂಬುಗಳನ್ನು ಎಣಿಸಿದರು. ಆಕಸ್ಮಿಕವಾದರೆ 227 ಚೌಕಗಳು ಖಾಲಿ ಇರಬೇಕಿತ್ತು, ಇದ್ದದ್ದು 229. ಗುರಿಯೂ ಇರಲಿಲ್ಲ, ಗುಟ್ಟೂ ಇರಲಿಲ್ಲ.

ಹಾಗಾದರೆ ನಿಜವಾದ ಗೊಂಚಲನ್ನು ಗುರುತಿಸುವುದು ಹೇಗೆ? ಇದೇ ಲೆಕ್ಕವನ್ನು ಬಹಳ ಹಿಂದೆಯೇ ಆಕಾಶಕ್ಕೆ ಹಚ್ಚಿದವರು ಇಂಗ್ಲೆಂಡಿನ ಜಾನ್ ಮಿಚೆಲ್. ಕನ್ನಡದಲ್ಲಿ ಕೃತ್ತಿಕೆ, ಅರಬ್ಬಿ ಉರ್ದುವಿನಲ್ಲಿ ಸುರಯ್ಯಾ ಎನಿಸಿಕೊಂಡ ನಕ್ಷತ್ರ ಗುಚ್ಛವನ್ನು ನೀವು ನೋಡಿರುತ್ತೀರಿ. ನಮ್ಮ ಹೆಣ್ಣುಮಕ್ಕಳಿಗೆ ಸುರಯ್ಯಾ ಎಂದು ಹೆಸರಿಡುವುದು ಇದರಿಂದಲೇ. 1610ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಇದರಲ್ಲಿ ಬರಿಗಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಹೆಚ್ಚು ನಕ್ಷತ್ರಗಳನ್ನು ಕಂಡಿದ್ದರು. 1767ರಲ್ಲಿ ಮಿಚೆಲ್ ಅವರು, ಇಷ್ಟು ಪ್ರಕಾಶಮಾನ ನಕ್ಷತ್ರಗಳು ಆಕಸ್ಮಿಕವಾಗಿ ಇಷ್ಟು ಹತ್ತಿರ ಕಾಣುವ ಸಾಧ್ಯತೆ ಸುಮಾರು 5 ಲಕ್ಷಕ್ಕೆ ಒಂದು ಎಂದು ಲೆಕ್ಕ ಹಾಕಿ, ಅವು ನಿಜವಾಗಿಯೂ ಒಂದೇ ಕುಟುಂಬವೆಂದರು. ಅವರ ಮಾತು ನಿಜವಾಯಿತು. ಸುಮಾರು 440 ಜ್ಯೋತಿರ್ವರ್ಷ ದೂರದ ಈ ಗುಚ್ಛದಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿದ್ದು, ಒಂದೇ ಅನಿಲ ಮೋಡದಿಂದ ಸುಮಾರು 10 ಕೋಟಿ ವರ್ಷಗಳ ಹಿಂದೆ ಹುಟ್ಟಿದವು. ಅಕ್ಕಿಪೇಟೆಯ ವರ್ತಕರು ಬಂದು ಸೇರಿದವರು. ಕೃತ್ತಿಕೆಯ ನಕ್ಷತ್ರಗಳು ಒಟ್ಟಿಗೆ ಹುಟ್ಟಿದವು.

ಕಣ್ಣಿಗೆ ಕಾಣದ ಗೊಂಚಲನ್ನು ಅಳೆಯುವ ವಿದ್ಯೆಯಲ್ಲಿ ಭಾರತೀಯರ ಪಾಲು ದೊಡ್ಡದು. ಪಿ.ಸಿ. ಮಹಲನೋಬಿಸ್ ಅವರು 1936ರಲ್ಲಿ ಪ್ರಕಟಿಸಿದ ಡಿ-ಸ್ಕ್ವೇರ್ ಎಂಬ ಅಳತೆಯು ಹಲವು ಗುಣಗಳನ್ನು ಒಟ್ಟಿಗೆ ಪರಿಗಣಿಸಿ ಎರಡು ಗುಂಪುಗಳ ನಡುವಣ 'ದೂರ'ವನ್ನು ಹೇಳುತ್ತದೆ. ಅದನ್ನು ಬೆಳೆಸಿದವರಲ್ಲಿ ಪ್ರಮುಖರಾದ ಸಿ.ಆರ್. ರಾವ್ ಅವರು 1920ರಲ್ಲಿ ಜನಿಸಿದ್ದು ನಮ್ಮ ಹೂವಿನಹಡಗಲಿಯಲ್ಲಿ. 2023ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಕೃಷಿ ವಿಜ್ಞಾನಿಗಳು ಭತ್ತದ ತಳಿಗಳನ್ನು ಇದೇ ಅಳತೆಯಿಂದ ಗುಂಪು ಮಾಡುತ್ತಾರೆ. ಆಗ ಒಂದೇ ಊರಿನ ಎರಡು ತಳಿಗಳು ಬೇರೆ ಬೇರೆ ಗುಂಪಿಗೂ, ದೂರದೂರದ ತಳಿಗಳು ಒಂದೇ ಗುಂಪಿಗೂ ಬೀಳುವುದು ಮತ್ತೆ ಮತ್ತೆ ಕಂಡುಬಂದಿದೆ. ಒಂದೇ ಅಂಗಡಿಯ ಚೀಲಗಳಲ್ಲಿರುವ ಅಕ್ಕಿಗಳೆಲ್ಲ ನೆಂಟರೆಂದು ತಿಳಿಯಬೇಕಿಲ್ಲ.

ಕೊನೆಯದಾಗಿ, ಗೆರೆ ಎಳೆದು ಮಾಡಿದ ಗೊಂಚಲು. ನಮ್ಮ ಶಾಲಾ ಕ್ಲಸ್ಟರ್‌ಗಳು ಇಂತಹವು. ಇವುಗಳ ಹಿಂದೆ 1964-66ರ ಕೊಠಾರಿ ಆಯೋಗದ 'ಶಾಲಾ ಸಂಕೀರ್ಣ'ದ ವಿಚಾರವಿದೆ. ಇಲ್ಲಿ ಶಾಲೆಗಳು ತಾವಾಗಿ ಸೇರಿಲ್ಲ, ಇಲಾಖೆ ಸೇರಿಸಿದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಯಾರಿಗೆ ಏನು ಸಿಗುತ್ತದೆಂಬುದು ನಿಂತಿರುತ್ತದೆ. 2006ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ವರದಿ ಸಲ್ಲಿಸಿತು. ಭದ್ರತೆಯ ಭಯದಿಂದ ಮುಸ್ಲಿಮರು ಒಂದೆಡೆ ಗುಂಪಾಗಿ ನೆಲೆಸುವುದು ಹೆಚ್ಚುತ್ತಿದೆ, ಅಂತಹ ಪ್ರದೇಶಗಳಲ್ಲಿ ಶಾಲೆ, ಆಸ್ಪತ್ರೆ, ಬ್ಯಾಂಕುಗಳ ಸೌಲಭ್ಯ ಕಡಿಮೆ ಎಂದು ಅದು ಗುರುತಿಸಿತು. ಲಾಭಕ್ಕಾಗಿ ಸೇರಿದ ಪೇಟೆಯೂ ಭಯದಿಂದ ಸೇರಿದ ಮೊಹಲ್ಲಾವೂ ನಕ್ಷೆಯಲ್ಲಿ ಒಂದೇ ತರಹ ಕಾಣುತ್ತವೆ.

ವರದಿಯ ನಂತರ 2008-09ರಲ್ಲಿ ಕೇಂದ್ರ ಸರ್ಕಾರವು ಅಲ್ಪಸಂಖ್ಯಾತರು ಹೆಚ್ಚಾಗಿರುವ 90 ಜಿಲ್ಲೆಗಳಲ್ಲಿ ಬಹುವಲಯ ಅಭಿವೃದ್ಧಿ ಕಾರ್ಯಕ್ರಮ ಆರಂಭಿಸಿತು. ಕರ್ನಾಟಕದಿಂದ ಬೀದರ್ ಮತ್ತು ಗುಲ್ಬರ್ಗಾ ಜಿಲ್ಲೆಗಳು ಸೇರಿದವು, ಬೆಂಗಳೂರು ಸೇರಲಿಲ್ಲ. ಜಿಲ್ಲೆಯೆಂಬುದು ಬಹಳ ದೊಡ್ಡ ಗೆರೆ. ಹಣ ಜಿಲ್ಲೆಗೆ ಬಂದರೂ ಅಗತ್ಯವಿರುವ ಓಣಿಗೆ ತಲುಪುವ ಖಾತ್ರಿಯಿಲ್ಲ ಎಂಬ ಟೀಕೆ ಬಂತು. 2013-14ರಿಂದ ಜಿಲ್ಲೆಯ ಬದಲು ಬ್ಲಾಕ್ ಅನ್ನು ಘಟಕವಾಗಿ ತೆಗೆದುಕೊಂಡು 710 ಬ್ಲಾಕುಗಳನ್ನು ಆರಿಸಲಾಯಿತು. ಕೆಲವು ಪಟ್ಟಣಗಳನ್ನೂ ಹಳ್ಳಿಗಳ ಗೊಂಚಲುಗಳನ್ನೂ ಸೇರಿಸಲಾಯಿತು. 2018ರಲ್ಲಿ ಕಾರ್ಯಕ್ರಮದ ಹೆಸರು ಪ್ರಧಾನಮಂತ್ರಿ ಜನ ವಿಕಾಸ ಕಾರ್ಯಕ್ರಮ ಎಂದಾಯಿತು. ಗೆರೆ ಐದು ವರ್ಷಗಳಲ್ಲಿ ಜಿಲ್ಲೆಯಿಂದ ಬ್ಲಾಕಿನವರೆಗೆ ಇಳಿದು ಬಂತು. ಸಾಚಾರ್ ವರದಿ ಮಾತನಾಡಿದ್ದು ಅದಕ್ಕಿಂತಲೂ ಚಿಕ್ಕದಾದ ಮೊಹಲ್ಲಾದ ಬಗ್ಗೆ.