ಕ್ಲೌಡ್ ಆಧಾರಿತ ಚಾಟ್‌ಬಾಟ್

ಕ್ಲೌಡ್ ಆಧಾರಿತ ಚಾಟ್‌ಬಾಟ್ ಎಂಬುದು ಬಳಕೆದಾರರೊಡನೆ ಸಂಭಾಷಿಸುವ, ಅಂತರಜಾಲದ ಮೂಲಕ ಬಾಡಿಗೆಗೆ ದೊರೆಯುವ ಸರ್ವರ್‌ಗಳಲ್ಲಿ ನಡೆಯುವ ತಂತ್ರಾಂಶ. ಸಂಭಾಷಣೆಯು ವಾಟ್ಸ್‌ಆ್ಯಪ್, ಟೆಲಿಗ್ರಾಮ್ ಮುಂತಾದ ಸಂದೇಶ ಸೇವೆಗಳಲ್ಲಿ ಕಾಣಿಸುತ್ತದೆ. ಉತ್ತರವನ್ನು ಸಿದ್ಧಪಡಿಸುವ ಪ್ರೋಗ್ರಾಂ ಕ್ಲೌಡ್‌ನಲ್ಲಿರುತ್ತದೆ.

ಇತಿಹಾಸ

ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ರಚಿಸಿ, 1966ರಲ್ಲಿ ವಿವರ ಪ್ರಕಟಿಸಿದ ಎಲೈಜಾ ಆರಂಭಿಕ ಚಾಟ್‌ಬಾಟ್‌ಗಳಲ್ಲಿ ಪ್ರಸಿದ್ಧವಾದುದು. 2014ರಲ್ಲಿ ಅಮೆಜಾನ್ ಪ್ರಕಟಿಸಿದ ಲ್ಯಾಂಬ್ಡಾ ಸೇವೆಯು ಕೋರಿಕೆ ಬಂದಾಗ ಮಾತ್ರ ಪ್ರೋಗ್ರಾಂ ನಡೆಸಿ, ಬಳಸಿದಷ್ಟಕ್ಕೆ ಮಾತ್ರ ಶುಲ್ಕ ಪಡೆಯುವ ವಿಧಾನವನ್ನು ಜನಪ್ರಿಯಗೊಳಿಸಿತು. ಟೆಲಿಗ್ರಾಮ್ 2015ರಲ್ಲಿ, ಫೇಸ್‌ಬುಕ್ ಮೆಸೆಂಜರ್ 2016ರಲ್ಲಿ ಬಾಟ್ ನಿರ್ಮಾಣಕ್ಕೆ ಅವಕಾಶ ನೀಡಿದವು. ಬೆಂಗಳೂರಿನ ನಮ್ಮ ಮೆಟ್ರೊ 2022ರ ನವೆಂಬರ್ 1ರಂದು ವಾಟ್ಸ್‌ಆ್ಯಪ್ ಚಾಟ್‌ಬಾಟ್ ಮೂಲಕ ಕ್ಯೂಆರ್ ಟಿಕೆಟ್ ನೀಡಲು ಆರಂಭಿಸಿತು.

ಕಾರ್ಯವಿಧಾನ

ಟೆಲಿಗ್ರಾಮ್‌ನಲ್ಲಿ ಬಾಟ್‌ಫಾದರ್ ಎಂಬ ಬಾಟ್‌ನ ಮೂಲಕ ಹೊಸ ಬಾಟ್ ನೋಂದಾಯಿಸಿದಾಗ ಟೋಕನ್ ಎಂಬ ಗುಪ್ತ ಸಂಕೇತ ದೊರೆಯುತ್ತದೆ. ಬಂದ ಸಂದೇಶಗಳನ್ನು ಎರಡು ವಿಧಗಳಲ್ಲಿ ಪಡೆಯಬಹುದು. ಪೋಲಿಂಗ್ ವಿಧಾನದಲ್ಲಿ ಪ್ರೋಗ್ರಾಂ ತಾನೇ ಟೆಲಿಗ್ರಾಮ್ ಸರ್ವರನ್ನು ಮತ್ತೆ ಮತ್ತೆ ಕೇಳುತ್ತದೆ. ಇದು ಸ್ವಂತ ಗಣಕಯಂತ್ರದಲ್ಲಿ ಪರೀಕ್ಷಿಸಲು ಅನುಕೂಲ. ವೆಬ್‌ಹುಕ್ ವಿಧಾನದಲ್ಲಿ ಸಂದೇಶ ಬಂದೊಡನೆ ಟೆಲಿಗ್ರಾಮ್ ಸರ್ವರೇ ಮೊದಲೇ ನೀಡಿದ ವಿಳಾಸಕ್ಕೆ ಅದನ್ನು ಕಳುಹಿಸುತ್ತದೆ. ಕೋರಿಕೆ ಬಂದಾಗ ಮಾತ್ರ ಎಚ್ಚರಗೊಳ್ಳುವ ಕ್ಲೌಡ್ ಸೇವೆಗಳಿಗೆ ಇದು ಹೊಂದುತ್ತದೆ. ಒಂದು ಬಾಟ್‌ಗೆ ಏಕಕಾಲದಲ್ಲಿ ಎರಡನ್ನೂ ಬಳಸಲಾಗದು. ಸ್ವೀಕರಿಸದ ಸಂದೇಶಗಳನ್ನು ಟೆಲಿಗ್ರಾಮ್ 24 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ.

ಸಂಭಾಷಣೆಯ ನೆನಪು

ಇಂತಹ ಸೇವೆಗಳಲ್ಲಿ ಪ್ರೋಗ್ರಾಂ ಒಂದು ಕೋರಿಕೆಯನ್ನು ಮುಗಿಸಿದ ಬಳಿಕ ಅದರ ಸ್ಮೃತಿ ಉಳಿಯುವುದೆಂಬ ಖಾತರಿಯಿಲ್ಲ. ಪ್ರಯಾಣಿಕರು ಹೊರಡುವ ನಿಲ್ದಾಣವನ್ನು ತಿಳಿಸಿ, ಮುಂದಿನ ಸಂದೇಶದಲ್ಲಿ ತಲುಪುವ ನಿಲ್ದಾಣವನ್ನು ತಿಳಿಸಿದರೆ, ಮೊದಲಿನ ಉತ್ತರ ಪ್ರೋಗ್ರಾಂಗೆ ತಿಳಿದಿರದು. ಆದ್ದರಿಂದ ಸಂಭಾಷಣೆಯ ಹಂತವನ್ನು ಪ್ರತ್ಯೇಕ ದತ್ತಸಂಚಯದಲ್ಲಿ ದಾಖಲಿಸಲಾಗುತ್ತದೆ.

ಪುನರಾವರ್ತಿತ ಸಂದೇಶಗಳು

ವೆಬ್‌ಹುಕ್ ವಿಳಾಸದಿಂದ ಯಶಸ್ಸಿನ ಸೂಚನೆ ಬಾರದಿದ್ದರೆ ಟೆಲಿಗ್ರಾಮ್ ಅದೇ ಸಂದೇಶವನ್ನು ಮತ್ತೆ ಕಳುಹಿಸುತ್ತದೆ. ಪ್ರೋಗ್ರಾಂ ಕೆಲಸ ಪೂರೈಸಿ ಉತ್ತರಿಸಲು ಮಾತ್ರ ತಡಮಾಡಿದ್ದರೆ, ಅದೇ ಕೆಲಸ ಎರಡನೆಯ ಬಾರಿ ನಡೆಯಬಹುದು. ಹವಾಮಾನ ತಿಳಿಸುವ ಬಾಟ್‌ನಲ್ಲಿ ಇದು ಸಣ್ಣ ಕಿರಿಕಿರಿ. ಹಣ ಪಾವತಿಯಲ್ಲಿ ಬಳಕೆದಾರರಿಗೆ ನಷ್ಟ. ಪ್ರತಿ ಸಂದೇಶದ ಕ್ರಮಸಂಖ್ಯೆಯನ್ನು ದಾಖಲಿಸಿಟ್ಟು, ಮತ್ತೆ ಬಂದುದನ್ನು ಕಡೆಗಣಿಸುವುದು ಇದಕ್ಕೆ ರೂಢಿಯ ಪರಿಹಾರ.

ಸುರಕ್ಷತೆ

ಟೋಕನ್ ಯಾರ ಬಳಿ ಇದೆಯೋ ಅವರು ಬಾಟ್‌ನ ಹೆಸರಿನಲ್ಲಿ ಸಂದೇಶ ಕಳುಹಿಸಬಲ್ಲರು. ಅದನ್ನು ಪ್ರೋಗ್ರಾಂನಲ್ಲೇ ಬರೆದು ಸಾರ್ವಜನಿಕ ಸಂಗ್ರಹಕ್ಕೆ ಸೇರಿಸುವುದು ಹೊಸಬರಲ್ಲಿ ಸಾಮಾನ್ಯವಾದ ತಪ್ಪು. ಟೋಕನನ್ನು ಕ್ಲೌಡ್ ಸೇವೆಯ ಗುಪ್ತ ಸಂಗ್ರಹದಲ್ಲಿ ಇರಿಸಬೇಕು. ಸೋರಿಕೆಯಾದಲ್ಲಿ ಬಾಟ್‌ಫಾದರ್ ಮೂಲಕ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬಹುದು. ಸಂಗ್ರಹದಿಂದ ಅಳಿಸಿದರಷ್ಟೇ ಸಾಲದು, ಏಕೆಂದರೆ ಹಳೆಯ ಆವೃತ್ತಿಗಳಲ್ಲಿ ಅದು ಉಳಿದಿರುತ್ತದೆ.

ಕನ್ನಡದಲ್ಲಿ ಬಳಕೆ

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ, ಪೂರ್ಣ ಪದವನ್ನು ಹೋಲಿಸುವ ಸರಳ ಬಾಟ್‌ಗಳು ಎಡವುತ್ತವೆ. 'ಮೈಸೂರು' ಎಂಬ ಪದವನ್ನು ಮಾತ್ರ ಬಲ್ಲ ಬಾಟ್‌ಗೆ 'ಮೈಸೂರಿಗೆ', 'ಮೈಸೂರಿನಿಂದ' ಎಂಬ ರೂಪಗಳು ಅಪರಿಚಿತ. ಅನೇಕರು ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವುದೂ ತೊಡಕಾಗುತ್ತದೆ. ಬಳಕೆದಾರರು ಬರೆಯುವ ಬದಲು ಪಟ್ಟಿಯಿಂದ ಆರಿಸುವಂತೆ ಗುಂಡಿಗಳನ್ನು ನೀಡುವುದರಿಂದ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.