ಎರಡು ಕುಲುಮೆಗಳು, ಎರಡು ಬೊಕ್ಕಸಗಳು

ಶಿವಮೊಗ್ಗೆಯಿಂದ ಹೊರಟು ಹನ್ನೆರಡು ಮೈಲಿ ಕ್ರಮಿಸಿದರೆ ಭದ್ರಾವತಿ. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ಕಬ್ಬಿಣದ ಕುಲುಮೆ ಹೊತ್ತಿದುದು 1923ನೆಯ ಇಸವಿಯ ಜನವರಿಯಲ್ಲಿ. ಪ್ರಜೆಗಳ ಕಂದಾಯದ ಹಣವನ್ನು ಸರ್ಕಾರವು ಕಾರ್ಖಾನೆಗೆ ಸುರಿಯಬಹುದೆ ಎಂಬ ಪ್ರಶ್ನೆಯೂ ಅದರೊಡನೆಯೇ ಹುಟ್ಟಿತು; ಇಂದಿಗೂ ಅದು ತೀರಿಲ್ಲ. ಇನ್ನೊಂದು ದೇಶದ ಲೆಕ್ಕವನ್ನು ಪಕ್ಕದಲ್ಲಿಟ್ಟು ಇದನ್ನು ವಿಚಾರಿಸೋಣ.

ಆ ದೇಶ ಜಪಾನು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಅಲ್ಲಿಗೆ ಹೋದಾಗ, ಯವಾಟದಲ್ಲಿ ಸರ್ಕಾರದ ಉಕ್ಕಿನ ಕಾರ್ಖಾನೆ ಸ್ಥಾಪಿತವಾಗಿ ಒಂದೇ ವರ್ಷವಾಗಿತ್ತು. ಜರ್ಮನರ ನಕ್ಷೆಯಂತೆ ಕಟ್ಟಿದ ಆ ಕುಲುಮೆ 1901ರಲ್ಲಿ ಉರಿಯಿತು; ಮರುವರ್ಷವೇ ಆರಿತು. ಅದನ್ನು ಸರಿಪಡಿಸಿ 1904ರಲ್ಲಿ ಮತ್ತೆ ಹೊತ್ತಿಸಬೇಕಾಯಿತು. ಮೊದಲ ವರ್ಷಗಳೆಲ್ಲ ನಷ್ಟದವೇ. ಆದರೂ ಸರ್ಕಾರ ಹಣವನ್ನು ಹಿಂದೆಗೆಯಲಿಲ್ಲ. ಕಾರ್ಖಾನೆಯನ್ನು ವಿಸ್ತರಿಸುತ್ತಲೇ ಹೋಯಿತು.

ನಮ್ಮಲ್ಲಿ ನಡೆದುದೂ ಬೇರೆಯಲ್ಲ. ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಬೆಲೆ ಏರಿದ್ದಾಗ ಯೋಜನೆ ಸಿದ್ಧವಾಯಿತು. ಕುಲುಮೆ ಉರಿಯುವ ಹೊತ್ತಿಗೆ ಬೆಲೆ ಇಳಿದಿತ್ತು. ಸಮೀಪದಲ್ಲಿ ಕಲ್ಲಿದ್ದಲಿಲ್ಲದುದರಿಂದ ಮಲೆನಾಡಿನ ಮರವನ್ನೇ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದುರನ್ನು ಕರಗಿಸಬೇಕಾಯಿತು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಬಂದು ಆಡಳಿತವನ್ನು ವಹಿಸಿ ವೆಚ್ಚವನ್ನು ಹತೋಟಿಗೆ ತಂದರು. 1936ರಲ್ಲಿ ಉಕ್ಕು, ಅನಂತರ ಸಿಮೆಂಟು ಸೇರಿದುವು.

ಹಾಗಾದರೆ ಭೇದವೆಲ್ಲಿ? ಬೊಕ್ಕಸದಲ್ಲಿ. ಚೀಣದೊಡನೆ 1894-95ರಲ್ಲಿ ನಡೆದ ಯುದ್ಧವನ್ನು ಗೆದ್ದು ಪಡೆದ ದ್ರವ್ಯದ ಒಂದು ಭಾಗ ಯವಾಟದ ಮೂಲಧನಕ್ಕೆ ಒದಗಿತು. ಮೈಸೂರಾದರೋ ಬ್ರಿಟಿಷರಿಗೆ ವರ್ಷವರ್ಷವೂ ಲಕ್ಷಗಟ್ಟಲೆ ರೂಪಾಯಿ ಪೊಗದಿಯನ್ನು ತೆರುತ್ತಿತ್ತು. ಒಂದು ಕುಲುಮೆ ಕಪ್ಪವನ್ನು ಪಡೆದು ಹೊತ್ತಿತು. ಇನ್ನೊಂದು ಕಪ್ಪವನ್ನು ಕೊಟ್ಟು ಮಿಕ್ಕುದರಿಂದ ಹೊತ್ತಿತು. ಯವಾಟದ ಉಕ್ಕನ್ನು ಕೊಳ್ಳಲು ಜಪಾನಿಗೆ ತನ್ನದೇ ಸೈನ್ಯ, ನೌಕಾಬಲ, ರೈಲುಗಳಿದ್ದುವು; 1911ರಿಂದ ಸುಂಕವನ್ನು ವಿಧಿಸುವ ಪೂರ್ಣ ಸ್ವಾತಂತ್ರ್ಯವೂ ದೊರೆಯಿತು. ಮೈಸೂರಿಗೆ ಬಂದರಿನ ಸುಂಕದ ಮೇಲೆ ಅಧಿಕಾರವಿರಲಿಲ್ಲ. ಆದರೆ ಜಪಾನಿನ ಆ ದ್ರವ್ಯ ಸೋತವರ ದುಡಿಮೆಯೆಂಬುದನ್ನೂ, ಆ ಉಕ್ಕು ಮುಂದೆ ಏತಕ್ಕೆ ಬಳಕೆಯಾಯಿತೆಂಬುದನ್ನೂ ನಾವು ಮರೆಯಲಾಗದು. ಭದ್ರಾವತಿಯ ಲೆಕ್ಕ ಬಡವಾಗಿರಬಹುದು. ಅದರಲ್ಲಿ ಪರರ ಕಣ್ಣೀರಿಲ್ಲ.

ತರುವಾಯದ ಕಥೆ ನಮಗೆ ಹೆಚ್ಚು ಮುಖ್ಯವಾದುದು. ಯವಾಟದ ಕಾರ್ಖಾನೆ 1934ರಲ್ಲಿ ದೊಡ್ಡ ಕಂಪೆನಿಯೊಂದರೊಳಗೆ ಸೇರಿತು. ಅದರ ಹಳೆಯ ಕಟ್ಟಡಗಳು 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಬಂದುವು. ಭದ್ರಾವತಿಯ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಅಧೀನವಾಯಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಶತಮಾನ ತುಂಬಿದ 2023ರಲ್ಲಿಯೇ ಮುಚ್ಚುವ ತೀರ್ಮಾನ ಹೊರಬಿದ್ದು, ಕಾರ್ಮಿಕರ ಹೋರಾಟದ ಬಳಿಕ ಕೆಲಸ ಭಾಗಶಃ ಮತ್ತೆ ಮೊದಲಾಯಿತು.

ತೋಟವನ್ನು ಹಾಕಿದವನು ಒಂದು ಬಾರಿ ನೀರೆರೆದು ಫಲವನ್ನು ಕೇಳಲಾರನು. ರಾಜ್ಯದ ಮೂಲಧನವೂ ಹಾಗೆಯೇ. ಮೊದಲ ಹಣವನ್ನು ಹಾಕುವುದಕ್ಕೆ ಧೈರ್ಯ ಬೇಕು. ಯಂತ್ರ ಹಳೆಯದಾದಾಗ ಎರಡನೆಯ ಬಾರಿ ಹಾಕುವುದಕ್ಕೆ ನಂಬಿಕೆ ಬೇಕು. ಮೊದಲನೆಯದನ್ನು ನಮ್ಮ ಹಿರಿಯರು ತೋರಿದರು. ಎರಡನೆಯದರ ಲೆಕ್ಕವನ್ನು ನಮ್ಮಿಂದಲೇ ಕೇಳಬೇಕಾಗಿದೆ.